ಮಂಗಳೂರು ಕಾರ್ಮೆಲ್ ಮಠದ ಸಂತ ಮರಿಯಂ: ದೇವರ ಕರೆಯನ್ನು ಒರೆಗೆ ಹಚ್ಚಿದ ಬಾಳು

ಮನೆಯ ಮಗಳೊಬ್ಬಳು ವಿದ್ಯಾಭ್ಯಾಸ ಮುಗಿಸಿ, ತಾನು ಕನ್ಯಾಸ್ತ್ರೀಯಾಗಬೇಕೆಂದು ಬಯಸಿದರೆ ನಮ್ಮ ಕಥೋಲಿಕ ಕುಟುಂಬಗಳಿಗೆ ಅದು ಅಪರಿಚಿತ ಸಂಗತಿಯೇನಲ್ಲ. ಶಾಲೆಯಲ್ಲಿ ಪಾಠ ಹೇಳುವ, ಆಸ್ಪತ್ರೆಯಲ್ಲಿ ರೋಗಿಗಳ ಶುಶ್ರೂಷೆ ಮಾಡುವ ಧರ್ಮಭಗಿನಿಯರನ್ನು ನಾಗಮಂಗಲ, ಪಾಂಡವಪುರ, ಕೃಷ್ಣರಾಜಪೇಟೆಯ ಮನೆಗಳವರೂ ಬಲ್ಲರು. ಆದರೆ ಅದೇ ಮಗಳು ತನಗೆ ಶಾಲೆಯೂ ಬೇಡ, ಆಸ್ಪತ್ರೆಯೂ ಬೇಡ, ಗೋಡೆಯೊಳಗಿನ ಏಕಾಂತ ಮಠವೊಂದನ್ನು ಸೇರಿ ಬಾಳಿಡೀ ಪ್ರಾರ್ಥನೆಯಲ್ಲಿ ಕಳೆಯಬೇಕೆಂಬ ಆಸೆಯಿದೆ ಎಂದಾಗ ಹೆತ್ತವರು ದಿಗಿಲುಗೊಳ್ಳುತ್ತಾರೆ. ಇದು ನಿಜವಾಗಿಯೂ ದೇವರ ಕರೆಯೇ? ಪ್ರಾಯದ ಭಾವಾವೇಶವೇ? ಸಂಸಾರದ ಕಷ್ಟಕ್ಕೆ ಹೆದರಿ ಓಡುವ ದಾರಿಯೇ? ಇದನ್ನು ತಿಳಿಯುವ ಬಗೆ ಹೇಗೆ?

ಈ ಪ್ರಶ್ನೆಗೆ ತಮ್ಮ ಬದುಕಿನಿಂದಲೇ ಉತ್ತರವಿತ್ತ ಸಂತರೊಬ್ಬರು ನಮ್ಮ ಕರ್ನಾಟಕದ ಮಣ್ಣಿನಲ್ಲಿ ಸುಮಾರು ಎರಡು ವರ್ಷ ಬಾಳಿ, ಇಲ್ಲಿಯೇ ತಮ್ಮ ವ್ರತಗಳನ್ನು ಸ್ವೀಕರಿಸಿದರೆಂಬುದು ಎಷ್ಟೋ ಮಂದಿಗೆ ತಿಳಿಯದು. ಅವರೇ ಶಿಲುಬೆಗೇರಿದ ಯೇಸುವಿನ ಮರಿಯ ಎಂಬ ಮಠದ ಹೆಸರಿನ ಸಂತ ಮರಿಯಂ ಬವಾರ್ದಿ.

ಮರಿಯಂ ಹುಟ್ಟಿದ್ದು 1846ರ ಜನವರಿ 5ರಂದು, ಪ್ರಭು ಯೇಸು ಬಾಲ್ಯವನ್ನು ಕಳೆದ ಗಲಿಲೇಯ ಪ್ರಾಂತ್ಯದ ಇಬಿಲ್ಲಿನ್ ಎಂಬ ಗ್ರಾಮದಲ್ಲಿ. ಅರಬ್ಬೀ ಭಾಷೆಯನ್ನಾಡುವ ಆ ಕುಟುಂಬ ಮೆಲ್ಕೈಟ್ ಗ್ರೀಕ್ ಕಥೋಲಿಕ ಸಭೆಗೆ, ಅಂದರೆ ಪೂರ್ವದೇಶದ ಪೂಜಾವಿಧಿಯನ್ನು ಅನುಸರಿಸುವ ಕಥೋಲಿಕ ಸಭೆಗೆ ಸೇರಿತ್ತು. ಆಕೆಯ ತಂದೆತಾಯಿಗಳಿಗೆ ಹುಟ್ಟಿದ ಹನ್ನೆರಡು ಗಂಡುಮಕ್ಕಳೂ ಎಳವೆಯಲ್ಲಿಯೇ ತೀರಿಕೊಂಡಿದ್ದರು. ಆ ದಂಪತಿಗಳು ಎದೆಗುಂದದೆ ಬೆತ್ಲೆಹೇಮಿಗೆ ಕಾಲ್ನಡಿಗೆಯಲ್ಲಿ ಯಾತ್ರೆ ಹೋಗಿ, ಒಂದು ಹೆಣ್ಣುಮಗುವನ್ನು ಕರುಣಿಸಬೇಕೆಂದು ದೇವಮಾತೆಯನ್ನು ಬೇಡಿಕೊಂಡರು. ಹಾಗೆ ಹುಟ್ಟಿದ ಮಗುವಿಗೆ ಮಾತೆಯ ಹೆಸರನ್ನೇ ಇಟ್ಟರು. ಬಳಿಕ ಬೌಲೋಸ್ ಎಂಬ ತಮ್ಮನೂ ಹುಟ್ಟಿದ. ಆದರೆ ಮರಿಯಂಗೆ ಮೂರು ವರ್ಷ ತುಂಬುವ ಹೊತ್ತಿಗೆ ತಂದೆಯೂ ತಾಯಿಯೂ ಕೆಲವೇ ದಿನಗಳ ಅಂತರದಲ್ಲಿ ಮರಣ ಹೊಂದಿದರು. ಮಗಳು ಚಿಕ್ಕಪ್ಪನ ಮನೆ ಸೇರಿದಳು. ತಮ್ಮನನ್ನು ತಾಯಿಯ ಕಡೆಯವರು ಕರೆದೊಯ್ದರು. ಮತ್ತೆ ಆ ಇಬ್ಬರೂ ಒಂದೇ ಸೂರಿನಡಿ ಬಾಳಲಿಲ್ಲ.

ಮರಿಯಂಗೆ ಸುಮಾರು ಎಂಟು ವರ್ಷವಾದಾಗ ಚಿಕ್ಕಪ್ಪನ ಕುಟುಂಬ ಈಜಿಪ್ಟಿನ ಅಲೆಕ್ಸಾಂಡ್ರಿಯಾ ನಗರಕ್ಕೆ ವಲಸೆ ಹೋಯಿತು. ಅಂದಿನ ಪದ್ಧತಿಯಂತೆ ಹದಿಮೂರು ತುಂಬುವ ಮೊದಲೇ ಆಕೆಯ ಮದುವೆ ನಿಶ್ಚಯವಾಯಿತು. ತಾನು ದೇವರಿಗೇ ಮೀಸಲಾಗಬೇಕೆಂಬ ಆಸೆ ಅಷ್ಟರಲ್ಲಾಗಲೇ ಆ ಬಾಲಕಿಯ ಮನಸ್ಸಿನಲ್ಲಿ ಬೇರೂರಿತ್ತು. ಮದುವೆ ಒಲ್ಲೆನೆಂಬುದರ ಗುರುತಾಗಿ ಆಕೆ ತನ್ನ ಜಡೆಯನ್ನೇ ಕತ್ತರಿಸಿಕೊಂಡಳು. ಚಿಕ್ಕಪ್ಪ ಕೆರಳಿದರು. ಸಾಕುಮಗಳಾಗಿದ್ದವಳು ಅಂದಿನಿಂದ ಆ ಮನೆಯ ಆಳಾದಳು.

ಆ ಸಂಕಟದಲ್ಲಿ ಊರಿನಲ್ಲಿದ್ದ ತಮ್ಮನಿಗೆ ಓಲೆಯೊಂದನ್ನು ಕಳುಹಿಸಬೇಕೆಂದು ಆಕೆ ಮೊದಲು ಆ ಮನೆಯಲ್ಲಿ ಕೆಲಸಕ್ಕಿದ್ದ ಒಬ್ಬನ ಬಳಿ ಹೋದಳು. ಆತ ತನ್ನ ಮತಕ್ಕೆ ಸೇರುವಂತೆ ಒತ್ತಾಯಿಸಿದ. ಹುಡುಗಿ ಒಪ್ಪದಿದ್ದಾಗ ಕೋಪದಿಂದ ಆಕೆಯ ಕೊರಳನ್ನು ಕೊಯ್ದು, ಸತ್ತಳೆಂದು ಭಾವಿಸಿ ಓಣಿಯೊಂದರಲ್ಲಿ ಎಸೆದುಬಿಟ್ಟ. ಅದು 1858ರ ಸೆಪ್ಟೆಂಬರ್ ತಿಂಗಳು, ಮಾತೆ ಮರಿಯಮ್ಮನವರ ಜನನೋತ್ಸವದ ಹೊಸ್ತಿಲು. ನೀಲಿ ಉಡುಗೆಯ ಸ್ತ್ರೀಯೊಬ್ಬರು ತನ್ನನ್ನು ಗುಹೆಯೊಂದಕ್ಕೆ ಕರೆದೊಯ್ದು, ಗಾಯವನ್ನು ಹೊಲಿದು, ಗುಣವಾಗುವವರೆಗೂ ಆರೈಕೆ ಮಾಡಿದರೆಂದು ಮರಿಯಂ ಮುಂದೆ ಮಠದ ಹಿರಿಯರಿಗೆ ತಿಳಿಸಿದರು. ಆಕೆ ದೇವಮಾತೆಯೇ ಎಂದು ನಂಬಿದ್ದರು. ಕೊರಳಿನ ಮೇಲಿನ ಉದ್ದದ ಗಾಯದ ಕಲೆಯೂ ಒಡಕು ದನಿಯೂ ಕೊನೆಯವರೆಗೆ ಅವರೊಡನೆ ಉಳಿದವು.

ಅಲ್ಲಿಂದ ಮುಂದೆ ಸುಮಾರು ಏಳು ವರ್ಷ ಮರಿಯಂ ಮನೆಗೆಲಸದವಳಾಗಿ ದುಡಿದಳು. ಅಲೆಕ್ಸಾಂಡ್ರಿಯಾ, ಜೆರುಸಲೇಮ್, ಬೈರೂತ್, ಕೊನೆಗೆ 1863ರಲ್ಲಿ ಫ್ರಾನ್ಸಿನ ಬಂದರುನಗರ ಮಾರ್ಸೇಲ್ಸ್: ಎಲ್ಲೆಡೆಯೂ ಪಾತ್ರೆ, ಒಲೆ, ನೀರು, ಪೊರಕೆ. ಬಡವರ ಮನೆಯ ಕೆಲಸವನ್ನೇ ಆಕೆ ಹೆಚ್ಚಾಗಿ ಬಯಸುತ್ತಿದ್ದಳು. ತನ್ನನ್ನು ಯಾರಾದರೂ ವಿಶೇಷವಾಗಿ ಗೌರವಿಸತೊಡಗಿದರೆ ಆ ಮನೆಯನ್ನೇ ಬಿಟ್ಟು ಹೊರಡುತ್ತಿದ್ದಳು. ದೇವರ ಕರೆಯ ಬೀಜ ಬಾಲ್ಯದಲ್ಲಿಯೇ ಬಿದ್ದಿದ್ದರೂ ಅದು ಮೊಳೆಯುವ ಮುನ್ನ ಅಡಿಗೆಮನೆಯ ಬೂದಿಯಲ್ಲಿ ಇಷ್ಟು ವರ್ಷ ಹುದುಗಿರಬೇಕಾಯಿತು.

ಮಾರ್ಸೇಲ್ಸಿನಲ್ಲಿ ಆಕೆ ಮಠ ಸೇರಲು ಯತ್ನಿಸಿದಾಗ ಬಾಗಿಲುಗಳು ಸುಲಭವಾಗಿ ತೆರೆಯಲಿಲ್ಲ. ಕೆಲವು ಮಠಗಳು ಸೇರಿಸಿಕೊಳ್ಳಲಿಲ್ಲ. ಒಂದು ಮಠವನ್ನು ಸೇರಿದರೂ ಅನಾರೋಗ್ಯದಿಂದಾಗಿ ಬಿಟ್ಟುಬರಬೇಕಾಯಿತು. 1865ರಲ್ಲಿ ಸಂತ ಜೋಸೆಫರ ದರ್ಶನ ಸಭೆಯ ಧರ್ಮಭಗಿನಿಯರು ಆಕೆಯನ್ನು ಪ್ರವೇಶಾರ್ಥಿಯಾಗಿ ಸ್ವೀಕರಿಸಿದರು. ಶಾಲೆ, ಆಸ್ಪತ್ರೆಗಳಲ್ಲಿ ಸೇವೆ ಸಲ್ಲಿಸುವ ಸಭೆ ಅದು. ಅಲ್ಲಿ ಎರಡು ವರ್ಷ ಆಕೆ ಅಡಿಗೆಮನೆಯಲ್ಲಿಯೂ ಬಟ್ಟೆ ಒಗೆಯುವಲ್ಲಿಯೂ ಮೈಮುರಿದು ದುಡಿದಳು. ಆದರೆ ಪ್ರಾರ್ಥನೆಯ ವೇಳೆ ಮೈಮರೆಯುವುದು, ಕೈಕಾಲುಗಳಲ್ಲಿ ಪ್ರಭುವಿನ ಪಂಚಗಾಯಗಳ ಗುರುತು ಕಾಣಿಸಿಕೊಳ್ಳುವುದು ಮೊದಲಾದ ಅಸಾಧಾರಣ ಸಂಗತಿಗಳು ಆ ಮಠದವರನ್ನು ಕಂಗೆಡಿಸಿದವು. ಇಂತಹವಳು ಊರೂರು ಸುತ್ತಿ ಸೇವೆ ಮಾಡುವ ತಮ್ಮ ಬಾಳಿಗೆ ಹೊಂದುವಳೇ ಎಂಬ ಸಂದೇಹ ಅವರದು. 1867ರಲ್ಲಿ ಮತ ಹಾಕಿದಾಗ ಆಕೆಯನ್ನು ಮುಂದಿನ ಹಂತಕ್ಕೆ ತೆಗೆದುಕೊಳ್ಳದಿರಲು ತೀರ್ಮಾನವಾಯಿತು.

ಹೊರಗಿನಿಂದ ನೋಡಿದರೆ ಇದು ಸೋಲು. ಆದರೆ ಮುಚ್ಚಿದ ಆ ಬಾಗಿಲಿನ ಪಕ್ಕದಲ್ಲಿಯೇ ಸರಿಯಾದ ದಾರಿ ಕಾದಿತ್ತು. ಅದೇ ಮಠದಲ್ಲಿದ್ದ ಮದರ್ ವೆರೋನಿಕಾ ಎಂಬ ಆಂಗ್ಲ ಧರ್ಮಭಗಿನಿಗೆ ಕಾರ್ಮೆಲ್ ಸಭೆಗೆ ಸೇರಲು ಆಗ ಅನುಮತಿ ದೊರೆತಿತ್ತು. ಮರಿಯಂಗೆ ತಕ್ಕ ಸ್ಥಳ ಏಕಾಂತ ಮಠವೇ ಎಂದು ಅರಿತ ಅವರು ಆಕೆಯನ್ನೂ ಜೊತೆಗೆ ಕರೆದುಕೊಂಡು ಅದೇ ವರ್ಷದ ಜೂನ್ ತಿಂಗಳಿನಲ್ಲಿ ಫ್ರಾನ್ಸಿನ ಪೋ ನಗರದ ಕಾರ್ಮೆಲ್ ಮಠದ ಬಾಗಿಲು ತಟ್ಟಿದರು. ಈ ಮದರ್ ವೆರೋನಿಕಾ ಬೇರಾರೂ ಅಲ್ಲ, ಮಂಗಳೂರಿನ ಸಂತ ಆನ್ನಮ್ಮನವರ ಮಠದ ಮೂಲಕ ನಮ್ಮ ನಾಡಿಗೆ ಹೆಣ್ಣುಮಕ್ಕಳ ಶಿಕ್ಷಣವನ್ನು ತಂದ ಅಪೋಸ್ತಲಿಕ್ ಕಾರ್ಮೆಲ್ ಸಭೆಯ ಸ್ಥಾಪಕಿ. 1823ರಲ್ಲಿ ಜನಿಸಿ 1906ರಲ್ಲಿ ನಿಧನರಾದ ಅವರನ್ನು ಧರ್ಮಸಭೆ 2014ರಲ್ಲಿ ಪೂಜ್ಯರೆಂದು ಘೋಷಿಸಿತು.

ಕಾರ್ಮೆಲ್ ಮಠದ ಬಾಳನ್ನು ಇಲ್ಲಿ ಸ್ವಲ್ಪ ತಿಳಿಯುವುದು ಒಳಿತು. ಸ್ಪೇನ್ ದೇಶದ ಆವಿಲಾದ ಸಂತ ತೆರೇಸಮ್ಮನವರು 1562ರಲ್ಲಿ ಸುಧಾರಿಸಿ ಕಟ್ಟಿದ ಈ ಪರಂಪರೆಯಲ್ಲಿ ಕನ್ಯಾಸ್ತ್ರೀಯರು ಮಠದ ಆವರಣದೊಳಗೆಯೇ ಉಳಿಯುತ್ತಾರೆ. ದಿನವೂ ಬಲಿಪೂಜೆ, ಕಾಲಕಾಲದ ಕೀರ್ತನೆಗಳ ಪ್ರಾರ್ಥನೆ, ಎರಡು ತಾಸುಗಳ ಮೌನಧ್ಯಾನ, ಉಳಿದ ಹೊತ್ತಿನಲ್ಲಿ ಕೈಕೆಲಸ ಹಾಗೂ ಮನೆಗೆಲಸ, ಎಲ್ಲರೂ ಕೂಡಿ ಕುಳಿತು ನಗುನಗುತ್ತ ಮಾತನಾಡುವ ವೇಳೆ: ಇದು ಅವರ ದಿನಚರಿ. ಕುಟುಂಬವಾಗಿ ಬಾಳಲು ಅನುಕೂಲವಾಗಲೆಂದು ಒಂದು ಮಠದಲ್ಲಿ ಇಪ್ಪತ್ತೊಂದು ಮಂದಿಗಿಂತ ಹೆಚ್ಚು ಇರಬಾರದೆಂಬ ಪದ್ಧತಿ ಬೆಳೆದುಬಂದಿದೆ. ಜಗತ್ತನ್ನು ಮರೆಯುವುದಕ್ಕಾಗಿ ಅವರು ಒಳಗೆ ಹೋಗುವುದಿಲ್ಲ. ಜಗತ್ತಿನ ನೋವನ್ನು ದೇವರ ಮುಂದೆ ಹೊತ್ತು ನಿಲ್ಲಲು ಹೋಗುತ್ತಾರೆ.

1867ರ ಜುಲೈ ತಿಂಗಳಿನಲ್ಲಿ ಮಠದ ಉಡುಗೆಯನ್ನು ಧರಿಸಿ ಮರಿಯಂ ಹೊಸ ಹೆಸರನ್ನು ಪಡೆದರು. ಓದುಬರಹ ಅಷ್ಟಾಗಿ ಬಾರದ ಅವರಿಗೆ ಲತೀನ್ ಪ್ರಾರ್ಥನಾಗ್ರಂಥವನ್ನು ಓದುವುದೇ ದುಸ್ತರವಾಗಿತ್ತು. ಅಂದಿನ ಮಠಗಳಲ್ಲಿ ಗಾಯನವೃಂದದ ಭಗಿನಿಯರು, ಮನೆಗೆಲಸದ ಭಗಿನಿಯರು ಎಂಬ ಎರಡು ವರ್ಗಗಳಿದ್ದವು; ಎರಡನೆಯ ವ್ಯಾಟಿಕನ್ ಮಹಾಸಭೆಯ ಬಳಿಕ ಆ ಭೇದ ಅಳಿಯಿತು. ಮರಿಯಂ ತಾವಾಗಿಯೇ ಮನೆಗೆಲಸದ ಭಗಿನಿಯ ಸ್ಥಾನವನ್ನು ಬೇಡಿ ಪಡೆದರು.

ಇನ್ನು ಕಥೆ ನಮ್ಮ ನಾಡಿನ ಕಡೆ ತಿರುಗುತ್ತದೆ. ಆ ಕಾಲದ ಮಂಗಳೂರು ಸಭೆಯ ಹಿನ್ನೆಲೆಯನ್ನು ಮಂಡ್ಯ ಸೀಮೆಯ ಓದುಗರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. 1784ರಲ್ಲಿ ಕರಾವಳಿಯ ಸಹಸ್ರಾರು ಕಥೋಲಿಕರನ್ನು ಸೆರೆಹಿಡಿದು ಟಿಪ್ಪು ಸುಲ್ತಾನರ ರಾಜಧಾನಿ ಶ್ರೀರಂಗಪಟ್ಟಣಕ್ಕೆ ಕರೆತರಲಾಗಿತ್ತು. 1799ರಲ್ಲಿ ಬಿಡುಗಡೆ ಹೊಂದಿದವರಲ್ಲಿ ಬಹುಮಂದಿ ಕರಾವಳಿಗೆ ಮರಳಿ, ಬರಿಗೈಯಿಂದ ಮನೆಮಠಗಳನ್ನು ಮತ್ತೆ ಕಟ್ಟಿಕೊಂಡರು. ಶ್ರೀರಂಗಪಟ್ಟಣದ ಸೆರೆಯನ್ನು ಹಾದುಬಂದ ಜನರ ಮಕ್ಕಳು, ಮೊಮ್ಮಕ್ಕಳ ನಡುವೆ, ಎಪ್ಪತ್ತೊಂದು ವರ್ಷಗಳ ಅನಂತರ ಕಾರ್ಮೆಲ್ ಮಠ ತಲೆಯೆತ್ತಲಿತ್ತು. ಸ್ವತಃ ಕಾರ್ಮೆಲ್ ಸಭೆಯವರಾಗಿದ್ದ ಮಂಗಳೂರಿನ ಧರ್ಮಾಧ್ಯಕ್ಷ ಮರಿ ಎಫ್ರೆಮ್ ಗರೆಲೋನರು ತಮ್ಮ ಪ್ರಾಂತ್ಯಕ್ಕೆ ಬೋಧಿಸುವ ಭಗಿನಿಯರನ್ನೂ ಧ್ಯಾನಿಸುವ ಭಗಿನಿಯರನ್ನೂ ಒಟ್ಟಿಗೆ ಬಯಸಿದ್ದರು.

1870ರ ಆಗಸ್ಟ್ 21ರಂದು ಮರಿಯಂ ಸೇರಿದ್ದ ಚಿಕ್ಕ ತಂಡ ಭಾರತಕ್ಕೆ ಹಡಗು ಹತ್ತಿತು. ಪ್ರಯಾಣ ಬಹು ಕಠಿಣವಾಯಿತು. ಗುರಿ ಮುಟ್ಟುವ ಮೊದಲೇ ತಂಡದ ಮೂವರು ಭಗಿನಿಯರು ಪ್ರಾಣ ಬಿಟ್ಟರು. ಫ್ರಾನ್ಸಿನಿಂದ ಬೇರೆಯವರು ಬಂದು ಸೇರಿಕೊಂಡ ಮೇಲೆ ಆ ವರ್ಷದ ಕೊನೆಗೆ ಮಂಗಳೂರಿನಲ್ಲಿ ಏಕಾಂತ ಮಠದ ಬಾಳು ಆರಂಭವಾಯಿತು. ಅಪೋಸ್ತಲಿಕ್ ಕಾರ್ಮೆಲಿನ ಮೊದಲ ಭಗಿನಿಯರೂ ಆ ವರ್ಷದ ನವೆಂಬರಿನಲ್ಲಿ ಮಂಗಳೂರಿಗೆ ಬಂದಿಳಿದರು. ಒಂದೇ ಬೇರಿನ ಎರಡು ಕೊಂಬೆಗಳು, ಶಾಲೆಯ ಬಾಗಿಲು ತೆರೆದದ್ದೊಂದು, ಮಠದ ಬಾಗಿಲು ಮುಚ್ಚಿಕೊಂಡದ್ದೊಂದು, ಅಕ್ಕಪಕ್ಕದಲ್ಲಿ ಚಿಗುರಿದವು.

1871ರ ನವೆಂಬರ್ 21, ದೇವಮಾತೆಯನ್ನು ದೇವಾಲಯದಲ್ಲಿ ಸಮರ್ಪಿಸಿದ ಸ್ಮರಣೆಯ ದಿನ. ಅಂದು ಮರಿಯಂ ಬಡತನ, ಬ್ರಹ್ಮಚರ್ಯ, ವಿಧೇಯತೆಗಳ ವ್ರತಗಳನ್ನು ಸ್ವೀಕರಿಸಿದರು. ಮಂಗಳೂರಿನ ಆ ಮಠದಲ್ಲಿ ವ್ರತ ಸ್ವೀಕರಿಸಿದವರಲ್ಲಿ ಮೊದಲಿಗರು ಅವರೇ. ಅದರ ಮರುದಿನವೂ ಅವರ ಸ್ಥಾನ ಅಡಿಗೆಮನೆಯೇ ಆಗಿತ್ತು.

ಇಷ್ಟಾದ ಮೇಲೆ ಪರೀಕ್ಷೆಗಳು ಮುಗಿದವೆಂದು ನಾವು ಭಾವಿಸಬಹುದು. ಆದರೆ ಅತಿ ಕಠಿಣ ಪರೀಕ್ಷೆ ಎದುರಾದದ್ದು ಆಗಲೇ. ಅವರಲ್ಲಿ ಕಾಣುತ್ತಿದ್ದ ಅಸಾಧಾರಣ ಸಂಗತಿಗಳು ದೇವರಿಂದ ಬಂದವೇ, ಮನಸ್ಸಿನ ಭ್ರಮೆಯೇ, ದುಷ್ಟಶಕ್ತಿಯ ಆಟವೇ ಎಂಬ ಶಂಕೆ ಮಠದ ಹಿರಿಯರನ್ನೂ ಧರ್ಮಾಧ್ಯಕ್ಷರನ್ನೂ ಕಾಡಿತು. ಅವರ ಒಳಗಿನ ಬೇಗುದಿಯನ್ನು ಸುತ್ತಲಿನವರು ಸರಿಯಾಗಿ ಅರ್ಥಮಾಡಿಕೊಳ್ಳಲಿಲ್ಲ. ಕೊನೆಗೆ 1872ರಲ್ಲಿ ಅವರನ್ನು ಪೋ ನಗರದ ಮಠಕ್ಕೆ ಹಿಂದಕ್ಕೆ ಕಳುಹಿಸಲಾಯಿತು. ಯಾವ ಮಠಕ್ಕಾಗಿ ಸಮುದ್ರ ದಾಟಿ ಬಂದಿದ್ದರೋ, ಯಾವ ಮಠದಲ್ಲಿ ವ್ರತವಿತ್ತಿದ್ದರೋ, ಅದೇ ಮಠದಿಂದ ಸಂಶಯದ ಹೊರೆ ಹೊತ್ತು ಅವರು ಹೊರಡಬೇಕಾಯಿತು.

ಇಲ್ಲಿ ನಾವು ಒಂದು ಕ್ಷಣ ನಿಲ್ಲಬೇಕು. ತನ್ನ ಕರೆ ನಿಜವೆಂದು ಸಾಧಿಸಲು ಮರಿಯಂ ಯಾವ ದರ್ಶನವನ್ನೂ ಸಾಕ್ಷಿಯಾಗಿ ಮುಂದಿಡಲಿಲ್ಲ. ಮಠದ ವಿರುದ್ಧ ದಂಗೆಯೇಳಲಿಲ್ಲ. ಕಾರ್ಮೆಲಿನ ಬಾಳನ್ನೂ ಬಿಡಲಿಲ್ಲ. ಕಳುಹಿಸಿದೆಡೆಗೆ ಹೋಗಿ ಮತ್ತೆ ಪಾತ್ರೆ ಬೆಳಗಿದರು. ಕಾರ್ಮೆಲ್ ಪರಂಪರೆಯ ಗುರುವಾದ ಸಂತ ಶಿಲುಬೆಯ ಯೊವಾನ್ನರು ದರ್ಶನಗಳ ಮೇಲೆ ಭಾರ ಹಾಕದೆ ವಿಶ್ವಾಸದಲ್ಲಿ ನಡೆಯಬೇಕೆಂದು ಬೋಧಿಸಿದ್ದರು. ಆ ಬೋಧನೆಯನ್ನು ಓದಲು ಬಾರದ ಭಗಿನಿ ಅದನ್ನು ಬಾಳಿ ತೋರಿಸಿದರು. ಮುಂದೆ ಧರ್ಮಸಭೆ ಅವರನ್ನು ಸಂತರ ಸಾಲಿಗೆ ಸೇರಿಸುವಾಗಲೂ ಮುಖ್ಯವಾಗಿ ಒರೆಗೆ ಹಚ್ಚಿ ನೋಡಿದ್ದು ಅವರ ವಿಶ್ವಾಸ, ಭರವಸೆ, ಪ್ರೀತಿ, ದೈನ್ಯಗಳನ್ನು.

ಪೋ ನಗರದಲ್ಲಿ ಮೂರು ವರ್ಷ ಕಳೆದ ಬಳಿಕ, ತನ್ನ ತಂದೆತಾಯಿಗಳು ಮಗುವಿಗಾಗಿ ನಡೆದುಹೋಗಿದ್ದ ಬೆತ್ಲೆಹೇಮಿನಲ್ಲಿ ಕಾರ್ಮೆಲ್ ಮಠವೊಂದನ್ನು ಕಟ್ಟುವ ಹಂಬಲ ಅವರಲ್ಲಿ ಬೆಳೆಯಿತು. ಅನುಮತಿಗಳೂ ಉದಾರಿಗಳ ನೆರವೂ ದೊರೆತು, 1875ರ ಆಗಸ್ಟ್ ತಿಂಗಳಿನಲ್ಲಿ ಅವರನ್ನೊಳಗೊಂಡ ತಂಡ ಪವಿತ್ರನಾಡಿಗೆ ಹೊರಟಿತು. ಅರಬ್ಬೀ ಬಲ್ಲವರು ಅವರೊಬ್ಬರೇ ಆದ್ದರಿಂದ ಕಟ್ಟಡದ ಕೆಲಸಗಾರರ ಮೇಲ್ವಿಚಾರಣೆ ಅವರ ಪಾಲಿಗೆ ಬಂತು. ಸ್ವಂತ ನಾಡಿನ ಕೂಲಿಕಾರರೊಡನೆ ಅವರದೇ ನುಡಿಯಲ್ಲಿ ಮಾತನಾಡುತ್ತ, ಅವರ ಕಷ್ಟಸುಖ ವಿಚಾರಿಸುತ್ತ ಅವರು ಮಠ ಕಟ್ಟಿಸಿದರು. ನಜರೇತಿನಲ್ಲಿಯೂ ಒಂದು ಮಠಕ್ಕಾಗಿ ನಿವೇಶನ ಹುಡುಕಿದರು. ಪವಿತ್ರಾತ್ಮರ ಮೇಲೆ ಅವರಿಗಿದ್ದ ಭಕ್ತಿ ಅಪಾರ; ಪವಿತ್ರಾತ್ಮರ ಗೌರವಾರ್ಥ ಬಲಿಪೂಜೆ ಅರ್ಪಿಸುವ ರೂಢಿ ಹರಡಬೇಕೆಂಬ ಕೋರಿಕೆಯನ್ನು ಜಗದ್ಗುರು ಒಂಬತ್ತನೆಯ ಪಿಯುಸರಿಗೂ ತಲಪಿಸಿದ್ದರು.

1878ರ ಆಗಸ್ಟ್ 22ರಂದು ಬಿಸಿಲಿನಲ್ಲಿ ದುಡಿಯುತ್ತಿದ್ದ ಕೆಲಸಗಾರರಿಗೆ ಕುಡಿಯುವ ನೀರನ್ನು ಒಯ್ಯುತ್ತಿದ್ದಾಗ ಮರಿಯಂ ಬಿದ್ದು ತೋಳು ಮುರಿಯಿತು. ಗಾಯ ಕೊಳೆತು ನಂಜೇರಿ, ಆಗಸ್ಟ್ 26ರ ಮುಂಜಾನೆ ಅವರು ದೇವರ ಪಾದ ಸೇರಿದರು. ಆಗ ಅವರಿಗೆ ಮೂವತ್ತೆರಡು ವರ್ಷ. ಬಾಯಾರಿದವರಿಗೆ ನೀರು ಕೊಡಹೊರಟ ಆ ಕೆಲಸದಲ್ಲಿ ಅವರ ಇಡೀ ಬಾಳಿನ ಸಾರ ಅಡಗಿದೆ. ಜಗದ್ಗುರು ಎರಡನೆಯ ಜಾನ್ ಪಾಲರು 1983ರ ನವೆಂಬರ್ 13ರಂದು ಅವರನ್ನು ಪುನೀತೆಯೆಂದು ಸಾರಿದರು. ಜಗದ್ಗುರು ಫ್ರಾನ್ಸಿಸರು 2015ರ ಮೇ 17ರಂದು ಸಂತ ಪದವಿಗೇರಿಸಿದರು. ಅದೇ ದಿನ ಪವಿತ್ರನಾಡಿನ ಮತ್ತೊಬ್ಬ ಮಗಳಾದ ಮರಿ ಅಲ್ಫೋನ್ಸಿನ್ ಘಟ್ಟಾಸರೂ ಸಂತರಾದರು.

ಈ ಬಾಳಿನಿಂದ ನಮ್ಮ ಕುಟುಂಬಗಳು ಕಲಿಯಬೇಕಾದ ಪಾಠವೇನು? ದೇವರ ಕರೆಯನ್ನು ಯಾರೂ ಒಂಟಿಯಾಗಿ ಕುಳಿತು ನಿರ್ಧರಿಸಲಾಗದು ಎಂಬುದೇ ಆ ಪಾಠ. ಅಂತರಂಗದಲ್ಲಿ ಆಸೆಯನ್ನು ಹುಟ್ಟಿಸುವವರು ದೇವರು. ಆ ಆಸೆ ಅಪ್ಪಟವೇ ಎಂದು ತೂಗಿ ನೋಡುವುದು ಧರ್ಮಸಭೆಯ ಹೊಣೆ. ಎರಡೂ ಕೂಡಿದಾಗಲೇ ಕರೆ ಖಚಿತವಾಗುತ್ತದೆ. ಇಂದಿನ ನಿಯಮಗಳೂ ಆತುರಕ್ಕೆ ಎಡೆಗೊಡುವುದಿಲ್ಲ. ಹದಿನೇಳು ವರ್ಷ ತುಂಬದವರನ್ನು ನವದೀಕ್ಷೆಗೆ ಸೇರಿಸುವಂತಿಲ್ಲ. ಧ್ಯಾನಪರ ಮಠಗಳಿಗಾಗಿ ವ್ಯಾಟಿಕನ್ 2018ರಲ್ಲಿ ಹೊರಡಿಸಿದ ಕೋರ್ ಒರಾನ್ಸ್ ಎಂಬ ಸೂಚನೆಯ ಪ್ರಕಾರ, ಆಕಾಂಕ್ಷಿಯಾಗಿ ಕನಿಷ್ಠ ಒಂದು ವರ್ಷ, ಪ್ರವೇಶಾರ್ಥಿಯಾಗಿ ಕನಿಷ್ಠ ಒಂದು ವರ್ಷ, ನವದೀಕ್ಷಿತೆಯಾಗಿ ಎರಡು ವರ್ಷ, ತಾತ್ಕಾಲಿಕ ವ್ರತಗಳಲ್ಲಿ ಐದು ವರ್ಷ, ಹೀಗೆ ಒಂಬತ್ತು ವರ್ಷಗಳಿಗೆ ಕಡಿಮೆಯಾಗದಂತೆ, ಹನ್ನೆರಡು ವರ್ಷಗಳನ್ನು ಮೀರದಂತೆ ತರಬೇತಿ ನಡೆದ ಮೇಲೆಯೇ ಶಾಶ್ವತ ವ್ರತ. ಈ ಅವಧಿಯಲ್ಲಿ ಮಗಳು ಮಠವನ್ನು ಪರೀಕ್ಷಿಸುತ್ತಾಳೆ, ಮಠವೂ ಮಗಳನ್ನು ಪರೀಕ್ಷಿಸುತ್ತದೆ. ನಡುವೆ ಮನೆಗೆ ಮರಳಿದರೆ ಅದು ಅವಮಾನವಲ್ಲ. ಊರಿನವರು ಏನೆಂದಾರು ಎಂಬ ಅಂಜಿಕೆಯಿಂದ ಮರಳಿದ ಮಗಳಿಗೆ ಬಾಗಿಲು ಮುಚ್ಚುವ ಮನೆ, ಮರಿಯಂರ ಚಿಕ್ಕಪ್ಪನ ಮನೆಯಂತೆಯೇ ಆದೀತು.

ಹೆತ್ತವರು ಗಮನಿಸಬೇಕಾದ ಕೆಲವು ಗುರುತುಗಳಿವೆ. ಕಾಯಬೇಕೆಂದು ಹೇಳಿದಾಗ ಆಕೆಯ ಆಸೆ ಬಾಡುತ್ತದೆಯೋ, ಬೇರು ಬಿಡುತ್ತದೆಯೋ? ಪ್ರಾರ್ಥನೆಯ ಜೊತೆಗೆ ಮನೆಯ ಸಾಮಾನ್ಯ ಕೆಲಸವನ್ನೂ ಹಿಗ್ಗಿನಿಂದ ಮಾಡುವಳೋ? ಒಡಹುಟ್ಟಿದವರೊಡನೆ ಹೊಂದಿ ಬಾಳಬಲ್ಲಳೋ? ತನ್ನ ತಪ್ಪನ್ನು ತೋರಿಸಿದಾಗ ಸಹಿಸಬಲ್ಲಳೋ? ಮುರಿದ ಸಂಬಂಧ, ಮನೆಯ ಸಾಲ, ಜಗಳಗಳಿಂದ ತಪ್ಪಿಸಿಕೊಳ್ಳಲು ಹೊರಟಿರುವಳೋ? ಇವುಗಳನ್ನು ವಿಚಾರಣಾ ಗುರುಗಳೊಡನೆಯೋ ಅನುಭವಿಯಾದ ಆತ್ಮಸಲಹೆಗಾರರೊಡನೆಯೋ ಮಗಳು ಬಿಚ್ಚುಮನಸ್ಸಿನಿಂದ ಮಾತನಾಡಲಿ. ಬಲವಂತದ ಮದುವೆ ಹೇಗೆ ಸಲ್ಲದೋ, ಹರಕೆಯ ಹೆಸರಿನಲ್ಲಿ ಬಲವಂತದಿಂದ ಮಠಕ್ಕೆ ನೂಕುವುದೂ ಹಾಗೆಯೇ ಸಲ್ಲದು.

ಇನ್ನೊಂದು ಮಾತು. 2010ರಲ್ಲಿ ಮಂಡ್ಯ ಸೀರೋ ಮಲಬಾರ್ ಧರ್ಮಪ್ರಾಂತ್ಯ ಸ್ಥಾಪನೆಯಾದಂದಿನಿಂದ ನಮ್ಮ ಸೀಮೆಯಲ್ಲಿ ಲತೀನ್ ವಿಧಿಯವರೂ ಪೂರ್ವದ ವಿಧಿಯವರೂ ತಮ್ಮ ತಮ್ಮ ಧರ್ಮಾಧ್ಯಕ್ಷರ ಆರೈಕೆಯಲ್ಲಿ ಅಕ್ಕಪಕ್ಕದಲ್ಲಿ ಬಾಳುತ್ತಿದ್ದಾರೆ. ಪೂರ್ವದ ಸಭೆಯಲ್ಲಿ ಹುಟ್ಟಿ ಲತೀನ್ ಪರಂಪರೆಯ ಮಠದಲ್ಲಿ ಬಾಳಿದ ಸಂತ ಮರಿಯಂ ಈ ಎರಡೂ ಕಡೆಯ ಕುಟುಂಬಗಳಿಗೆ ಸಮಾನ ಆಪ್ತರು.

ಒಂದು ಮಠ ಅವರನ್ನು ತೆಗೆದುಕೊಳ್ಳಲಿಲ್ಲ. ಇನ್ನೊಂದು ಮಠ ಹಿಂದಕ್ಕೆ ಕಳುಹಿಸಿತು. ಆದರೂ ಕರೆ ಸುಳ್ಳಾಗಲಿಲ್ಲ. ನಮ್ಮ ಮನೆಯ ಮಗಳೊಬ್ಬಳು ಮೌನದ ಬಾಳಿಗೆ ಆಸೆಪಟ್ಟು ನಮ್ಮ ಮುಂದೆ ನಿಂತಾಗ, ಗದರುವ ಮೊದಲು, ಹೊಗಳುವ ಮೊದಲು, ಇಡೀ ಮನೆ ಒಟ್ಟಾಗಿ ಜಪಮಾಲೆ ಹಿಡಿದು ಕುಳಿತುಕೊಳ್ಳಲಿ. ಕೊರಳಿನ ಗಾಯವನ್ನು ಹೊತ್ತೂ ಮಂಗಳೂರಿನ ಮಠದ ಒಲೆಯ ಮುಂದೆ ದೇವರಿಗೆ ಕಿವಿಗೊಟ್ಟು ಬಾಳಿದ ಸಂತ ಮರಿಯಂ, ಕರೆಯನ್ನು ಆಲಿಸುವ ನಮ್ಮ ಮಕ್ಕಳಿಗಾಗಿಯೂ ಅವರನ್ನು ಕಳುಹಿಸಿಕೊಡಬೇಕಾದ ಹೆತ್ತವರಿಗಾಗಿಯೂ ಪ್ರಭುವಿನಲ್ಲಿ ಬಿನ್ನೈಸಲಿ.